ಮೆಳ್ಳೆಗಣ್ಣಿನ ಬಾತುಕೋಳಿ

ಸಂಜೆಯ ವಾಕಿಂಗಿಗೆ ಹೋದ ಅತ್ತೆ ಐದೂವರೆಗೆಲ್ಲ ಗೇಟು ತೆಗೆಯುವವರು. ಈಗ ಆರೂಕಾಲು. ಸೊಸೆ ನಾಲ್ಕನೆಯ ಸಲ ಕಿಟಕಿಗೆ ಬಂದಳು. ಬೀದಿಯಲ್ಲಿ ಅತ್ತೆಯ ಸುಳಿವಿಲ್ಲ. ಗೇಟಿನ ಪಕ್ಕ, ಚಾಪೆಯಗಲದ ಹುಲ್ಲಿನ ಮೇಲೆ, ಹೊಸ ಪ್ಲಾಸ್ಟಿಕ್ ಬಾತುಕೋಳಿಯೊಂದೇ ತಳತಳ ಹೊಳೆಯುತ್ತ ನಿಂತಿತ್ತು.

ಆ ಬೀದಿಯ ನಲವತ್ತು ಮನೆಗಳನ್ನೂ ಒಬ್ಬನೇ ಕಂಟ್ರಾಕ್ಟರು ಕಟ್ಟಿ ಕೈತೊಳೆದುಕೊಂಡಿದ್ದ. ಅದೇ ಗೇಟು, ಅದೇ ಬಣ್ಣ, ಅದೇ ಎರಡು ಮೆಟ್ಟಿಲು. ಅತ್ತೆಯ ತಲೆಯಿಂದ ಮನೆ ನಂಬರು ಹಾರಿಹೋಗಿ ಎರಡು ವರ್ಷವಾಗಿತ್ತು. ಆದರೂ ದಿನಾ ಮೂಲೆಯವರೆಗೆ ಹೋಗಿ ಸರಿಯಾಗಿ ವಾಪಸು ಬರುತ್ತಿದ್ದರು. ಹೇಗೆ ಬರುತ್ತಾರೆ ಎಂದು ಮನೆಯಲ್ಲಿ ಒಬ್ಬರಾದರೂ ಕೇಳಿದರೇ? ಇಲ್ಲ. ಬರುತ್ತಾರಲ್ಲ, ಸಾಕು ಎಂದು ಎಲ್ಲರೂ ತೆಪ್ಪಗಿದ್ದರು.

ಅತ್ತೆ ಪ್ಲಾಸ್ಟಿಕ್ ಬೊಂಬೆಗಳ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಕೆಲಸ ಒಂದೇ: ಕಣ್ಣು ಬರೆಯುವುದು. ಕರೀ ಚುಕ್ಕೆ, ಅದರ ಮೇಲೊಂದು ಬಿಳೀ ಚುಕ್ಕೆ. ಮೊದಲ ದಿನ ಕೈ ನಡುಗಿ ಒಂದು ಬಾತುಕೋಳಿಯ ಎಡಗಣ್ಣು ಕೊಕ್ಕಿನ ಕಡೆ ಜಾರಿತ್ತು. ಮೇಸ್ತ್ರಿ ಅದನ್ನು ಬುಟ್ಟಿಗೆಸೆದ. ಅತ್ತೆ ಅದನ್ನೆತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದರು. ಅವತ್ತಿನಿಂದ ಆ ಮೆಳ್ಳೆಗಣ್ಣಿನದು ಗೇಟು ಕಾಯುತ್ತಿತ್ತು. ಮಗ ಚಿಕ್ಕವನಿದ್ದಾಗ ಅದರ ಮೇಲೆ ಸವಾರಿ ಮಾಡಿ ಅದರ ಹೊಟ್ಟೆ ಸೀಳಿದ್ದ. ಅತ್ತೆ ತಂತಿ ಕಟ್ಟಿ ಸರಿಮಾಡಿದ್ದರು. ಹಳದಿ ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು. ಬಂದವರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದರು, ಸೊಸೆಗೆ ಮುಜುಗರವಾಗುತ್ತಿತ್ತು.

ಹಾಗಂತ ಅವಳು ಕೆಟ್ಟವಳಲ್ಲ. ಅಂಗಡಿಯೊಂದರಲ್ಲಿ ಅದೇ ಅಚ್ಚಿನ ಬಾತುಕೋಳಿ ಕಂಡಾಗ ಹಿರಿಹಿರಿ ಹಿಗ್ಗಿದ್ದಳು. ಅತ್ತೆ ವಾಕಿಂಗಿಗೆ ಹೊರಟದ್ದೇ ತಡ, ಬಂದಾಗ ನೋಡಿ ಖುಷಿಪಡಲಿ ಎಂದು ಹೊಸದನ್ನಿಟ್ಟು, ಹಳೆಯದನ್ನು ಗುಜರಿ ಗಾಡಿಯವಳಿಗೆ ಕೊಟ್ಟುಬಿಟ್ಟಿದ್ದಳು.

ಈಗ ಚಪ್ಪಲಿ ಮೆಟ್ಟಿ ಹೊರಗೋಡಿದಳು. ಎದುರುಮನೆಯ ಟೈಲರು ಜಗಲಿಯಲ್ಲಿ ಕಾಜಾ ಹೊಲಿಯುತ್ತಿದ್ದ.

“ಅತ್ತೇನ ನೋಡಿದ್ರಾ?”

“ಆಗ್ಲೇ ಬಂದಿದ್ರಲ್ಲಮ್ಮ! ಗೇಟಿಗೆ ಕೈ ಹಾಕಿದ್ರು. ಆಮೇಲೆ ಬಗ್ಗಿ ಬಾತುಕೋಳಿ ಮುಖ ನೋಡಿದ್ರು. ‘ಅಯ್ಯೋ, ತಪ್ಪು ತಿಳ್ಕೋಬೇಡಿ, ನಮ್ಮನೆ ಅಂದ್ಕೊಂಡೆ’ ಅಂತ ಅಂದು ಮುಂದಕ್ಕೆ ಹೋದ್ರು. ತಮಾಷೆ ಮಾಡ್ತಿದಾರೆ ಅಂತ ನಾನು ನಕ್ಕುಬಿಟ್ಟೆ.”

ಮುಂದಕ್ಕೆ ಎಂದರೆ ದೊಡ್ಡ ರಸ್ತೆ. ಬಸ್ಸುಗಳು ಯಾರಪ್ಪನ ಮಾತೂ ಕೇಳದೆ ನುಗ್ಗುವ ರಸ್ತೆ. ಸೊಸೆ ಗಂಡನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಎನಿಸಿತು. ಏನೆಂದು ಹೇಳುವುದು? ನಿಮ್ಮಮ್ಮನ ಮನೆಯನ್ನು ನಾನೇ ಗುಜರಿಗೆ ಹಾಕಿದೆ ಎಂದೇ?

ಓಡಿದಳು. ಔಷಧಿ ಅಂಗಡಿಯವನು ನೋಡಿಲ್ಲವೆಂದ. ಬಸ್ ಸ್ಟಾಪಿನಲ್ಲಿ ಬಿಳೀ ತಲೆಯೊಂದು ಕಂಡಿತು, ಹತ್ತಿರ ಹೋದರೆ ಬೇರೆ ಯಾರೋ. ಎಲ್ಲೋ ಬ್ರೇಕು ಕಿರುಗುಟ್ಟಿತು. ತಿರುಗಿ ನೋಡಲು ಧೈರ್ಯ ಸಾಲದೆ ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ನೋಡಿದರೆ ಸೈಕಲ್ಲಿನವನೊಬ್ಬ ಬಸ್ಸಿನ ಡ್ರೈವರನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ.

ಅವನ ಹಿಂದೆಯೇ ಆ ಗಾಡಿಯವಳ ಗುಜರಿ ಅಂಗಡಿ. ಹಳೇ ಪೇಪರಿನ ಕಟ್ಟುಗಳ ಮುಂದೆ, ಮೆಟ್ಟಿಲ ಮೇಲೆ ಮೆಳ್ಳೆಗಣ್ಣಿನ ಬಾತುಕೋಳಿ. ಪಕ್ಕದಲ್ಲಿ ಕಾಲು ಚಾಚಿ ಕೂತ ಅತ್ತೆ.

“ಕೂತ್ಬಿಟ್ಟಿದಾರೆ ಕಣಮ್ಮ,” ಎಂದಳು ಗುಜರಿಯವಳು. “ನನ್ನಂಗಡೀಲಿ ನಂಗೇ ‘ಯಾರು ಬೇಕಿತ್ತು’ ಅಂತ ಕೇಳ್ತಾರೆ.”

“ಅತ್ತೇ...” ಎಂದಳು ಸೊಸೆ.

ಅತ್ತೆ ಅವಳನ್ನು ಅಪರಿಚಿತರನ್ನು ನೋಡುವಂತೆ ನೋಡಿದರು. “ಕೂತ್ಕೋಮ್ಮ. ನನ್ ಸೊಸೆ ಈಗ ಬರ್ತಾಳೆ. ಬಾಗಿಲು ಹಾಕ್ಕೊಂಡು ಎಲ್ಲಿಗೋ ಹೋಗಿದಾಳೆ.”

ಸೊಸೆ ಬಾತುಕೋಳಿಯನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು ಹೊರಟಳು. “ಏಯ್, ಅದು ನಮ್ದು ಕಣೇ! ನಾನು ಬರೆದಿದ್ದು!” ಎಂದು ಅತ್ತೆ ದಡಬಡ ಎದ್ದು ಹಿಂದೆಯೇ ಬಂದರು. ದಾರಿಯುದ್ದಕ್ಕೂ ಬೈಗುಳ. ಪ್ರತಿ ಬೈಗುಳಕ್ಕೂ, ಹಿಂದೆಯೇ ಇದ್ದಾರಲ್ಲ ಎಂದು ಸೊಸೆಗೆ ಉಸಿರು ಬರುತ್ತಿತ್ತು.

ಗೇಟಿನ ಪಕ್ಕ ಹೊಸದನ್ನು ಕಾಲಿನಿಂದ ಸರಿಸಿ ಹಳೆಯದನ್ನಿಟ್ಟಳು. ಅತ್ತೆ ಬಗ್ಗಿ ಅದರ ಎಡಗಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ಗೇಟು ತೆಗೆದು ಒಳಗೆ ಕಾಲಿಟ್ಟರು. ಆಮೇಲೆ ತಿರುಗಿ, ಬೆವರಿ ತೊಪ್ಪೆಯಾಗಿ ನಿಂತ ಸೊಸೆಯ ಕೈ ಹಿಡಿದುಕೊಂಡರು.

“ಎಲ್ಲಿಗೆ ಹೋಗಿದ್ಯೇ ಇಷ್ಟೊತ್ತು? ದಾರಿ ಗೊತ್ತಾಗ್ಲಿಲ್ವೇನೋ ಅಂತ ನಂಗೆ ಎಷ್ಟು ಭಯ ಆಗಿತ್ತು ಗೊತ್ತಾ?”