ಗುರುತಿಲ್ಲದ ಫ್ರಾಕು

ನಮ್ಮ ಅತ್ತಿಗೆಯ ಬಾಯಿಗೆ ಹೆದರದವರು ಆ ಬೀದಿಯಲ್ಲೇ ಇರಲಿಲ್ಲ. ಅಣ್ಣ ಯುದ್ಧಕ್ಕೆ ಹೊರಟಾಗ, "ಪಾಪ, ಅಲ್ಲಾದರೂ ನೆಮ್ಮದಿಯಾಗಿರಲಿ" ಎಂದು ನೆರೆಯವರು ನಗೆಯಾಡಿದ್ದರು. ಆಮೇಲೆ ಲಾಂಡ್ರಿ ಅತ್ತಿಗೆಯದು, ಇಸ್ತ್ರಿಪೆಟ್ಟಿಗೆ ನನ್ನದು. ಬಂದ ಬಟ್ಟೆಗೆಲ್ಲ ಆಯಾ ಮನೆಯ ಗುರುತನ್ನು ಒಳಅಂಚಿನಲ್ಲಿ ಕೆಂಪು ದಾರದಿಂದ ಹೊಲಿಯಬೇಕು. ಬೇಕರಿಯವರಿಗೆ ಎರಡು ಗೀಟು, ಮೇಷ್ಟ್ರಿಗೆ ಮೂರು, ನಮ್ಮ ಮನೆಗೆ ಒಂದೇ ಚುಕ್ಕೆ. ಗುರುತಿಲ್ಲದೆ ಒಂದು ಕರವಸ್ತ್ರವನ್ನೂ ನೀರಿಗೆ ಹಾಕುವಂತಿರಲಿಲ್ಲ. ಅಣ್ಣ ಲಾಂಡ್ರಿ ತೆರೆದ ಮೇಲಿನ ಹದಿನೆಂಟು ವರ್ಷದಲ್ಲಿ ಒಂದು ಬಟ್ಟೆಯೂ ಅದಲುಬದಲಾಗಿಲ್ಲ ಎಂಬುದು ಅತ್ತಿಗೆಯ ಹೆಮ್ಮೆ. ಬೈಗುಳ ಮಾತ್ರ ನನ್ನ ಪಾಲು.

ಯುದ್ಧದ ಮೂರನೆಯ ವರ್ಷ ಸರ್ಕಾರ ಕೆಲವು ಮನೆತನಗಳ ಪಟ್ಟಿಯನ್ನು ಗೋಡೆಗಳಿಗೆ ಅಂಟಿಸಿತು. ಪಟ್ಟಿಯಲ್ಲಿದ್ದವರನ್ನು ಲಾರಿಗಳಿಗೆ ತುಂಬಿ ಒಯ್ದರು. ಹೋದವರಿಂದ ಒಂದು ಕಾಗದವೂ ಬರಲಿಲ್ಲ. ಅವರನ್ನು ಅಡಗಿಸಿಟ್ಟವರಿಗೂ ಅದೇ ಲಾರಿ. ಆಮೇಲೆ ಲಾಂಡ್ರಿಗಳಿಗೆ ಹುಕುಂ ಬಂತು: ಯಾವ ಗುರುತು ಯಾವ ಮನೆಯದೆಂದು ಬರೆದುಕೊಡಬೇಕು. ನಾವೂ ಬರೆದುಕೊಟ್ಟೆವು. ಆಗುವುದಿಲ್ಲ ಎನ್ನುವ ಎದೆ ನನಗಂತೂ ಇರಲಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರ ಗಂಟು ಬಿಚ್ಚಿದೆ. ಹೊದಿಕೆಯ ಮಡಿಕೆಯಲ್ಲಿ ಒಂದು ಪುಟ್ಟ ಹಳದಿ ಫ್ರಾಕು ಸಿಕ್ಕಿಕೊಂಡಿತ್ತು. ಕೈ ತನ್ನ ಪಾಡಿಗೆ ಮೂರು ಗೀಟು ಹೊಲಿಯಿತು, ಒಗೆಯಿತು, ಹಗ್ಗದ ಮೇಲೆ ಹರವಿತು. ಮೇಷ್ಟ್ರು ಮಕ್ಕಳಿಲ್ಲದ ಒಂಟಿ ಮುದುಕ. ಅದು ನನಗೆ ಹೊಳೆದದ್ದು ಸರ್ಕಾರದ ತನಿಖೆಯವನು ಹಿತ್ತಿಲಿಗೆ ಬಂದು ಆ ಫ್ರಾಕಿಗೆ ಕೈ ಹಾಕಿದಾಗ.

ಅವನು ಅಂಚು ತಿರುವಿದ. "ಮೂರು ಗೀಟು. ಯಾರದಮ್ಮಾ ಇದು?"

ಅತ್ತಿಗೆ ಗುರುತು ನೋಡಿದಳು, ನನ್ನ ಮುಖ ನೋಡಿದಳು. ಮರುಕ್ಷಣ ನನ್ನ ಕೆನ್ನೆಗೆ ಛಟೀರೆಂದು ಬಿತ್ತು. ಅಷ್ಟು ವರ್ಷ ಬೈದಿದ್ದವಳು ಕೈಯೆತ್ತಿದ್ದು ಅದೇ ಮೊದಲು.

"ಕಣ್ಣೇನು ಕಡ ಕೊಟ್ಟಿದ್ಯೇನೇ? ಸತ್ತ ನನ್ನ ಮಗೀನ ಬಟ್ಟೆಗೂ ಗಿರಾಕಿ ಗುರುತು ಹಾಕಿದ್ದೀಯಲ್ಲೇ!" ಆಮೇಲೆ ಅವನ ಕಡೆ ತಿರುಗಿ, "ನನ್ನ ಮಗಳದು ಸ್ವಾಮಿ. ಹುಳ ಹಿಡೀಬಾರ್ದು ಅಂತ ವರ್ಷಕ್ಕೊಂದ್ಸಲ ಒಗೀತೀನಿ" ಎಂದಳು.

ಅವನು ಮನೆಮನೆಯ ಜನರ ಹೆಸರಿದ್ದ ಪುಸ್ತಕ ತೆರೆದ. ಎಂಟು ವರ್ಷದ ಹಿಂದೆ ತೀರಿಕೊಂಡ ಮಗಳ ಹೆಸರು ನಮ್ಮ ಮನೆಯ ಲೆಕ್ಕದಲ್ಲಿ ಗೀಟು ಎಳೆಸಿಕೊಂಡು ಕೂತಿತ್ತು. ಆದರೂ ಫ್ರಾಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡ.

"ಅದೊಂದೇ ಉಳಿದಿರೋದು, ಕೊಟ್ಬಿಡಿ" ಎಂದು ಅತ್ತಿಗೆ ಅತ್ತಳು. ಯಾರದೋ ಮಗುವಿನ ಫ್ರಾಕಿಗಾಗಿ ಅಷ್ಟು ಅಳುವುದನ್ನು ನೋಡಿ ನನಗೂ ಅಳು ತಡೆಯಲಾಗಲಿಲ್ಲ. ಅವನು ಹೊರಟುಹೋದ.

ಬಾಗಿಲು ಹಾಕಿ ಅತ್ತಿಗೆ ಟ್ರಂಕು ತೆರೆದಳು. ತಳದಿಂದ ಮಗಳ ನಿಜವಾದ ಫ್ರಾಕು ತೆಗೆದಳು. ನೀಲಿ ಬಣ್ಣ, ಅಂಚಿನಲ್ಲಿ ಒಂದು ಚುಕ್ಕೆ. ಎಂಟು ವರ್ಷ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಅವನು ವಾಪಸ್ ಬಂದು ಇದನ್ನ ನೋಡಿದ್ರೆ ನಮ್ಮ ಕಥೆ ಮುಗೀತು" ಎಂದಳು.

"ಒಲೆಗೆ ಹಾಕ್ಲಾ ಅತ್ತಿಗೆ?"

"ಅಲ್ಲೊಂದು ಮಗೂಗೆ ಹಾಕ್ಕೊಳ್ಳೋಕೆ ಬಟ್ಟೆ ಇಲ್ಲ, ಇವಳು ಸುಡ್ತಾಳಂತೆ. ಸೂಜಿ ತಗೊಂಬಾ."

ಸೂಜಿಯ ಮೊನೆಯಿಂದ ಚುಕ್ಕೆಯನ್ನು ಬಿಚ್ಚಿದಳು. ಬೇರೆ ಗುರುತು ಹೊಲಿಯಲಿಲ್ಲ. ಇಸ್ತ್ರಿಯನ್ನೂ ತಾನೇ ಮಾಡಿದಳು, ತೋಳಿನ ಸುಕ್ಕಿಗೆ ಎರಡೆರಡು ಸಲ. ಮೇಷ್ಟ್ರ ಹೊದಿಕೆಯ ನಡುವೆ ಇಟ್ಟು ಗಂಟು ಕಟ್ಟಿ, ತಾನೇ ಹೊತ್ತುಕೊಂಡು ಹೋದಳು.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಕೆನ್ನೆ ಇನ್ನೂ ಸ್ವಲ್ಪ ಊದಿಕೊಂಡಿತ್ತು.

"ಅಳತೆ ಸರಿಹೋಯ್ತಾ?" ಅತ್ತಿಗೆ ತಲೆಯೆತ್ತದೆ ಕೇಳಿದಳು.

"ಒಂಚೂರು ದೊಡ್ಡದಾಯ್ತಮ್ಮ" ಎಂದರು ಮೇಷ್ಟ್ರು. "ಪರವಾಗಿಲ್ಲ, ಬೆಳೀತಾಳೆ."

ಅತ್ತಿಗೆಯ ಕೈ ಗಂಟಿನ ಮೇಲೆ ಹಾಗೇ ನಿಂತಿತು.

"ಬೆಳೀಲಿ ಮೇಷ್ಟ್ರೇ" ಎಂದಳು. "ಬೆಳೀಲಿ."