ಒಂದಿಟ್ಟರೆ ಎರಡು

ಜಿಂಜಾದ ಹೊರವಲಯದಲ್ಲಿ, ನೈಲ್ ನದಿ ಸರೋವರವನ್ನು ಬಿಟ್ಟು ಹೊರಡುವ ಕಡೆ, ನೈಗಾಗ ಮೀನುಮರಿ ಮಾಡುವ ತೊಟ್ಟಿಗಳಲ್ಲಿ ಕೆಲಸಕ್ಕಿದ್ದಳು. ಒಂದು ಮೊಟ್ಟೆಯಿಂದ ಒಂದೇ ಮರಿ ಬರುವುದನ್ನು ವರ್ಷಗಟ್ಟಲೆ ನೋಡಿದ್ದವಳು. ಹಾಗಾಗಿ ಸ್ಕ್ಯಾನಿಂಗ್ ಮಾಡಿದವರು ಹೊಟ್ಟೆಯಲ್ಲಿ ಅವಳಿ ಇದೆ ಎಂದಾಗ ಅವಳ ಗಂಡ ಬಲಿಕೋವ ನಕ್ಕ. ಅವಳು ನಗಲಿಲ್ಲ.

ಕಂಪಾಲಾದ ಆಸ್ಪತ್ರೆಯವರು ಅವಳ ಗರ್ಭದಲ್ಲಿ ಇಟ್ಟಿದ್ದು ಒಂದೇ ಭ್ರೂಣ. ಅದನ್ನು ಅವಳು ಪರದೆಯ ಮೇಲೆ ಕಣ್ಣಾರೆ ಕಂಡಿದ್ದಳು. ಲ್ಯಾಬಿನ ಡಾಕ್ಟರು ಅತೀಮ್ ಎಂಬ ಉತ್ತರದ ಕಡೆಯ ಹೆಂಗಸು, ಮಾತು ಕಮ್ಮಿ. ಗಾಜಿನ ತಟ್ಟೆಯಲ್ಲಿ ನೈಗಾಗಳ ಅಂಡಕ್ಕೆ ಬಲಿಕೋವನ ವೀರ್ಯ ಸೇರಿ ಒಂದು ಕೋಶವಾದದ್ದು, ಒಂದು ಎರಡಾಗಿ ಎರಡು ನಾಲ್ಕಾಗಿ ಹಿಪ್ಪುನೇರಳೆ ಹಣ್ಣಿನಂತೆ ಗುಂಪುಗೂಡಿದ್ದು, ಆಮೇಲೆ ನೀರು ತುಂಬಿದ ಟೊಳ್ಳು ಚೆಂಡಾದದ್ದು, ಎಲ್ಲವನ್ನೂ ಆಕೆ ತೋರಿಸಿದ್ದಳು. ಚೆಂಡಿನ ಒಳಗೋಡೆಗೆ ಚಿಕ್ಕದೊಂದು ಗಂಟು ಅಂಟಿಕೊಂಡಿತ್ತು. ಗಂಟು ಮಗುವಾಗುತ್ತದೆ, ಸುತ್ತಲಿನ ಪದರ ಮಾಸಾಗುತ್ತದೆ ಎಂದಿದ್ದಳು. ಬಲಿಕೋವ ಇಗರ್ಜಿಯಲ್ಲಿ ನಿಂತವನಂತೆ ಟೋಪಿ ತೆಗೆದು ನಿಂತಿದ್ದ.

ಈಗ ಅವನನ್ನು ಹಿಡಿಯುವವರಿಲ್ಲ. ಅವಳಿ ಮಕ್ಕಳ ಅಪ್ಪನಿಗೆ ಬುಸೋಗಾ ಸೀಮೆಯಲ್ಲಿ ಇಸಾಬಿರ್ಯೆ ಎಂಬ ಹೆಸರು ಸಲ್ಲುತ್ತದೆ. ಹುಟ್ಟುವ ಮುಂಚೆ ಕರೆಯಬಾರದು ಎಂದು ಹಿರಿಯರು ಗದರಿದರೂ ಅವನು ಕೆಲಸ ಮಾಡುವ ದೋಣಿ ರಿಪೇರಿ ಜಾಗದಲ್ಲಿ ಗೆಳೆಯರು ಅವನನ್ನು ಆಗಲೇ ಹಾಗೆ ಕೂಗತೊಡಗಿದ್ದರು.

ನೈಗಾಗಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಭ್ರೂಣ ಇಟ್ಟ ದಿನ ಪಕ್ಕದ ಹಾಸಿಗೆಯಲ್ಲಿ ಹಸಿರು ತಲೆವಸ್ತ್ರದ ಹೆಂಗಸೊಬ್ಬಳಿದ್ದಳು. ಅತೀಮ್ ಕೈಯಲ್ಲಿ ತಟ್ಟೆಗಳು ಎರಡಿದ್ದವು. ಆ ಹೆಂಗಸಿನ ಭ್ರೂಣ ಒಂದು ಮಿಕ್ಕಿರಬೇಕು. ಗರ್ಭ ನಿಲ್ಲದೆ ಹೋದರೆ ಆಸ್ಪತ್ರೆಗೆ ಕೆಟ್ಟ ಹೆಸರು ಎಂದು ಅದನ್ನೂ ಸೇರಿಸಿ ಇಟ್ಟಿದ್ದಾರೆ. ಅನುಮಾನಕ್ಕೆ ಎಳೆ ಸಿಕ್ಕರೆ ಹಗ್ಗವಾಗಲು ಎಷ್ಟು ಹೊತ್ತು? ಹೇಗಿದ್ದೀರಿ ಎಂದು ವಿಚಾರಿಸಲು ನರ್ಸ್ ಫೋನ್ ಮಾಡಿದರೂ, ಇವಳಿಗೇಕೆ ಇಷ್ಟು ಕಾಳಜಿ ಅನ್ನಿಸುತ್ತಿತ್ತು.

ಗಂಡನಿಗೆ ತಪಾಸಣೆ ಎಂದು ಸುಳ್ಳು ಹೇಳಿ ಒಬ್ಬಳೇ ಕಂಪಾಲಾ ಬಸ್ಸು ಹತ್ತಿದಳು.

"ಇನ್ನೊಂದು ಯಾರದು, ಡಾಕ್ಟ್ರೇ?" ನಿಂತೇ ಕೇಳಿದಳು.

ಅತೀಮ್ ಸಿಟ್ಟಾಗಲಿಲ್ಲ. ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದಳು. "ಇಲ್ನೋಡಿ ಅಮ್ಮ. ಎರಡೂ ಇರೋದು ಒಂದೇ ಚೀಲದೊಳಗೆ. ಮಾಸು ಒಂದೇ. ನಡುವೆ ಕೂದಲೆಳೆಯಂಥ ಪೊರೆ. ಬೇರೆಯವರ ಭ್ರೂಣ ಇಟ್ಟಿದ್ರೆ ಅದು ತನ್ನ ಚೀಲ, ತನ್ನ ಮಾಸು ತಾನೇ ಮಾಡ್ಕೊಳ್ತಿತ್ತು. ಅವತ್ತು ಪರದೆ ಮೇಲೆ ಗಂಟು ನೋಡಿದ್ರಲ್ಲ, ನಿಮ್ಮೊಳಗೆ ಹೋದ್ಮೇಲೆ ಅದು ಒಡೆದು ಎರಡಾಗಿದೆ."

"ಯಾಕೆ ಒಡೀತು?"

"ಅದು ನಮಗೂ ಸರಿಯಾಗಿ ಗೊತ್ತಿಲ್ಲ."

ಗೊತ್ತಿಲ್ಲ ಎಂದದ್ದಕ್ಕೇ ನೈಗಾಗ ಅವಳನ್ನು ನಂಬಿದಳು. ಆದರೆ ಊರಿಗೆ ಮರಳುವ ಬಸ್ಸು ಮಬೀರಾ ಕಾಡು ದಾಟುವಷ್ಟರಲ್ಲಿ ನಂಬಿಕೆ ಸೋರಿಹೋಯಿತು. ಎರಡೂ ಒಂದರಿಂದಲೇ ಬಂದವು, ಸರಿ. ಆ ಒಂದು ತನ್ನದೇ ಎನ್ನುವುದಕ್ಕೆ ಏನು ಗುರುತು? ಪರದೆಯ ಮೇಲೆ ಕಂಡದ್ದೇ ಒಳಗೆ ಬಂತೆಂದು ಯಾರು ಹೇಳಬೇಕು?

ಹೆಣ್ಣುಮಕ್ಕಳಿಬ್ಬರು ಹುಟ್ಟಿದರು. ಬಾಬಿರ್ಯೆ ಮೊದಲು, ನಕಾತೊ ಆಮೇಲೆ. ಡೋಲು ಬಡಿದರು, ಕುಣಿದರು, ನೈಗಾಗಳನ್ನು ನಬಿರ್ಯೆ, ಅಂದರೆ ಅವಳಿಗಳ ಅಮ್ಮ, ಎಂದು ಹರಸಿದರು. ಬಂದವರು ಮೂಗು ಅಪ್ಪನದು ಎಂದರು, ಹಣೆ ಅಮ್ಮನದು ಎಂದರು. ನೆಂಟರ ಮಾತು, ಎಲ್ಲ ಕೂಸಿಗೂ ಇದನ್ನೇ ಅನ್ನುತ್ತಾರೆ ಎಂದುಕೊಂಡಳು. ಮೊಲೆಯೂಡುವಾಗಲೂ ಕಿವಿಯ ಅಂಚು, ಬೆರಳ ತುದಿ ಹುಡುಕುತ್ತಿದ್ದಳು. ಹಾಗೆ ಹುಡುಕುವ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಗೆಣಸು ಸುಲಿಯುತ್ತ ಗಂಡನಿಗೆ ಎಲ್ಲ ಹೇಳಿಬಿಟ್ಟಳು. ಹೊಡೆದಾನು, ಇಲ್ಲವೇ ಅತ್ತಾನು ಎಂದು ಕಾದಳು. ಅವನು ಮಗುವನ್ನು ಹೆಗಲಿಂದ ಹೆಗಲಿಗೆ ಬದಲಿಸಿದ.

"ಹಸಿರು ಬಟ್ಟೆಯವಳು ತಾನೇ?" ಎಂದ. "ನಾನೂ ನೋಡಿದ್ದೆ."

"ಮತ್ತೆ ಬಾಯೇ ಬಿಡಲಿಲ್ಲ ನೀವು."

"ಏನಂತ ಬಿಡಲಿ? ಊರೆಲ್ಲ ಇಸಾಬಿರ್ಯೆ ಅಂತ ಕರೀತಿದ್ರು. ನಾಳೆ ನಮ್ಮದಲ್ಲ ಅಂತಾದ್ರೆ ಆ ಹೆಸರು ಯಾರಿಗೆ ವಾಪಸ್ ಕೊಡ್ಲಿ?" ಮಗುವಿನ ಬೆನ್ನು ತಟ್ಟುತ್ತ ಹೇಳಿದ, "ಪರೀಕ್ಷೆ ಬೇಕಿದ್ರೆ ಮಾಡ್ಸು. ನನಗೆ ಮಾತ್ರ ಹೇಳ್ಬೇಡ."

ಇಷ್ಟು ದಿನ ಒಂದೇ ಚಾಪೆಯ ಮೇಲೆ ಮಲಗಿ ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಬಚ್ಚಿಟ್ಟುಕೊಂಡಿದ್ದೆವಲ್ಲ ಎಂದು ನೈಗಾಗಳಿಗೆ ಅಳು ಬಂತು.

ಆಸ್ಪತ್ರೆಯವರನ್ನು ಬಿಟ್ಟು ಬೇರೆ ಕಡೆ ಪರೀಕ್ಷೆ ಮಾಡಿಸಿದಳು. ಮಕ್ಕಳು ಅವಳವೇ, ಅವನವೇ. ಹೇಳಬೇಡ ಎಂದಿದ್ದರೂ ತಡೆಯಲಾರದೆ ನೇರ ದೋಣಿಗಳ ಹತ್ತಿರ ಹೋಗಿ ಹೇಳಿದಳು.

"ನನಗೆ ಮೊದಲೇ ಗೊತ್ತಿತ್ತು," ಎಂದ ಬಲಿಕೋವ. ಗ್ರೀಸ್ ಮೆತ್ತಿದ ಕೈಯನ್ನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಅವಳು ಆ ಮಾತನ್ನು ನಂಬಲಿಲ್ಲ, ನಂಬಿದವಳಂತೆ ತಲೆಯಾಡಿಸಿದಳು.