ಎದುರಾಳಿಯ ಪಕ್ಕದ ಕುರ್ಚಿ

ವೀಬ್ಕೆ ಗೆದ್ದದ್ದರಲ್ಲಿ ಡೋರ್ಟೆಗೆ ಆಶ್ಚರ್ಯವೇನೂ ಇರಲಿಲ್ಲ. ದೇಶದೇಶ ಸುತ್ತಿ, ಟೆನಿಸ್ ಆಡಿಯೇ ಬದುಕಿದವಳು ವೀಬ್ಕೆ. ಒಂದು ಕಾಲಕ್ಕೆ ಜಗತ್ತಿನ ಮೊದಲ ಐವತ್ತು ಆಟಗಾರ್ತಿಯರಲ್ಲಿ ಒಬ್ಬಳು. ನಿವೃತ್ತಿಯಾದ ಮೇಲೆ ಹುಟ್ಟೂರಿಗೆ ಮರಳಿ, ನಲವತ್ತು ದಾಟಿದ ಹೆಂಗಸರ ತಂಡ ಸೇರಿ, ಇವತ್ತು ಮೊದಲ ಪಂದ್ಯ ಆಡಿದ್ದಳು. ಪಕ್ಕದೂರಿನ ಎದುರಾಳಿಗೆ ಎರಡು ಸೆಟ್ಟಿನಲ್ಲೂ ಸೊನ್ನೆ. ಇಲ್ಲಿಯವರು ಇದಕ್ಕೆ 'ಕನ್ನಡಕ ಹಾಕಿಸುವುದು' ಎನ್ನುತ್ತಾರೆ. ಎರಡು ಸೊನ್ನೆ ಪಕ್ಕಪಕ್ಕ ಬರೆದರೆ ಹಾಗೇ ಕಾಣುತ್ತದಲ್ಲ.

ಡೋರ್ಟೆಯ ಆತಂಕ ಬೇರೆ. ಬಾಲ್ಯದ ಗೆಳತಿಯನ್ನು ತಂಡಕ್ಕೆ ತರಲು ನಾಯಕಿಯಾದ ಅವಳು ಎಲ್ಲರ ಕೈಕಾಲು ಹಿಡಿದಿದ್ದಳು. ವೀಬ್ಕೆಗಾಗಿ ತಂಡದ ಮೊದಲ ಆಟಗಾರ್ತಿಯ ಸ್ಥಾನ ಬಿಟ್ಟುಕೊಟ್ಟ ಉಲ್ರಿಕೆ, "ಅವಳು ದೊಡ್ಡವಳು, ನಮ್ಮ ಜೊತೆ ಹೊಂದಲ್ಲ. ಇದೊಂದು ಪಂದ್ಯ ನೋಡ್ತೀನಿ, ಅಷ್ಟೇ" ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಪಂದ್ಯದ ನಂತರ ಊಟ. ಅಡುಗೆ ಆತಿಥೇಯರದು, ಈ ಸಲ ಡೋರ್ಟೆಯ ತಂಡದ್ದು; ಎದುರುಬದುರು ಆಡಿದವರು ಅಕ್ಕಪಕ್ಕ ಕೂರಬೇಕು. ಸೋಲಲಿ, ಗೆಲ್ಲಲಿ, ಇದು ಮಾತ್ರ ತಪ್ಪುವಂತಿಲ್ಲ. ಸಾಸೇಜು, ಆಲೂಗಡ್ಡೆ ಸಲಾಡು, ಬಿಯರು ಎಲ್ಲ ಮೇಜಿಗೆ ಬಂದವು. ವೀಬ್ಕೆಗೆ ಸೋತ ಹೆಂಗಸು ಒದ್ದೆ ಕೂದಲಲ್ಲೇ ಬಂದು ಕೂತಳು. ಅವಳ ಪಕ್ಕದ ಕುರ್ಚಿ ಖಾಲಿ.

"ನಿನ್ನ ಮಹಾರಾಣಿ ಚೀಲ ಹೊತ್ಕೊಂಡು ಕಾರಿನ ಕಡೆ ಹೋದ್ಲು," ಎಂದಳು ಉಲ್ರಿಕೆ ಡೋರ್ಟೆಗೆ, ಎಲ್ಲರಿಗೂ ಕೇಳುವಂತೆ. "ನಾನು ಹೇಳಿರ್ಲಿಲ್ವಾ?"

ಡೋರ್ಟೆ ಎದ್ದೋಡಿದಳು. ವೀಬ್ಕೆ ಕಾರಿನಲ್ಲಿ ಕೀಲಿ ಹಿಡಿದು ಸುಮ್ಮನೆ ಕೂತಿದ್ದಳು.

"ಎಲ್ಲಿಗೆ ಹೊರಟ್ಯೇ?"

"ಗೊತ್ತಿಲ್ಲ ಕಣೇ. ಆಟ ಮುಗೀತು, ಸ್ನಾನ ಆಯ್ತು, ಚೀಲ ಕಟ್ಟಿದೆ. ಇಲ್ಲಿ ಬಂದು ಕೂತ ಮೇಲೆ ನೆನಪಾಯ್ತು, ಹಿಡಿಯೋಕೆ ವಿಮಾನ ಇಲ್ಲ ಅಂತ."

"ನಿನ್ನ ಎದುರಾಳಿ ನಿನಗೋಸ್ಕರ ಕಾಯ್ತಾ ಕೂತಿದಾಳೆ, ಊಟಕ್ಕೆ."

"ನನ್ನ ಜೊತೆ ಊಟಕ್ಕಾ?" ಎಂದಳು ವೀಬ್ಕೆ. "ಕನ್ನಡಕ ಹಾಕ್ಸಿದೀನಲ್ಲೇ! ಏನಂತ ಮಾತಾಡ್ಲಿ?"

ಡೋರ್ಟೆಗೆ ಆಗ ಹೊಳೆಯಿತು. ಹದಿನಾಲ್ಕಕ್ಕೇ ತರಬೇತಿಗೆಂದು ಊರು ಬಿಟ್ಟವಳು ಇವಳು. ಇಂಥ ಮೇಜಿಗೆ ಯಾವತ್ತು ಕೂತಿದ್ದಳು?

"ಮೊದಲು ಹೆಸರು ಕೇಳು," ಎಂದು ಕಾರಿನ ಬಾಗಿಲು ತೆರೆದಳು.

ಅವರು ಒಳಗೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ವೀಬ್ಕೆ ಖಾಲಿ ಕುರ್ಚಿಯ ತುದಿಗೆ ಕೂತಳು.

"ತಪ್ಪು ತಿಳೀಬೇಡಿ. ಅಭ್ಯಾಸಬಲದಲ್ಲಿ ಹೊರಟುಬಿಟ್ಟಿದ್ದೆ. ನಿಮ್ಮ ಹೆಸರು?"

"ಕನ್ನಡಕ ಹಾಕ್ಸಿ ಆಮೇಲೆ ಹೆಸರು ಕೇಳ್ತೀರಲ್ರೀ!" ಆ ಹೆಂಗಸು ಕಣ್ಣರಳಿಸಿದಳು. "ಮಾರ್ಲೀಸ್. ನನ್ನ ಮುಖಕ್ಕೆ ಒಪ್ಪುತ್ತಾ, ಹೇಳಿ?"

ಮೇಜಿನ ಸುತ್ತ ನಗು. ವೀಬ್ಕೆಯೂ ನಕ್ಕಳು, ಸ್ವಲ್ಪ ತಡವಾಗಿ.

"ನನಗೂ ಒಂದ್ಸಲ ಹಾಕ್ಸಿದ್ರು. ಹ್ಯಾಂಬರ್ಗ್‌ನಲ್ಲಿ, ಟೀವಿಯವರ ಮುಂದೆ. ಹೋಟೆಲ್ ರೂಮಿಗೆ ಹೋಗಿ ಬಾಳೆಹಣ್ಣು ತಿಂದು ಮಲಗಿದೆ."

"ಊಟಕ್ಕೆ ಯಾರೂ ಕರೀಲಿಲ್ವಾ?"

"ಅಲ್ಲಿ ಯಾರೂ ಯಾರನ್ನೂ ಕರೆಯಲ್ಲ."

ಡೋರ್ಟೆ ಉಲ್ರಿಕೆಯ ಕಡೆ ನೋಡಿದಳು. ಉಲ್ರಿಕೆ ಬಿಯರಿನ ಲೋಟ ತಿರುಗಿಸುತ್ತ ಕೂತವಳು, ಕೊನೆಗೆ ಸಲಾಡಿನ ಬೋಗುಣಿಯನ್ನು ಮೇಜಿನುದ್ದಕ್ಕೂ ನೂಕಿದಳು.

"ಹಾಕ್ಕೋ. ನಾನೇ ಮಾಡಿದ್ದು. ಚೆನ್ನಾಗಿಲ್ಲ ಅಂದ್ರೆ ತಂಡದಿಂದ ಆಚೆಗೆ."

ವೀಬ್ಕೆ ಹಾಕಿಕೊಂಡಳು, ತಿಂದಳು, ಮತ್ತೆ ಹಾಕಿಕೊಂಡಳು.

"ಮುಂದಿನ ವರ್ಷ ನಮ್ಮೂರಲ್ಲಿ," ಎಂದಳು ಮಾರ್ಲೀಸ್. "ಬರ್ತೀರಾ?"

"ಊಟಕ್ಕಂತೂ ಬರ್ತೀನಿ. ಆಟ ನನ್ನ ಮಂಡಿ ಹೇಳಿದ ಹಾಗೆ."

"ಮಂಡಿ ಕೈಕೊಟ್ರೆ ನಾನಿದೀನಿ," ಎಂದಳು ಉಲ್ರಿಕೆ. "ನೀನು ಬೆಂಚಲ್ಲಿ ಕೂತು ಚಪ್ಪಾಳೆ ತಟ್ಟು."

ಡೋರ್ಟೆ ಆಗಷ್ಟೇ ತನ್ನ ತಟ್ಟೆ ತೆಗೆದುಕೊಂಡಳು. ಬೋಗುಣಿಯಲ್ಲಿ ಸಲಾಡು ಉಳಿದಿರಲಿಲ್ಲ.